ಹುಳುಮನೆಯಲ್ಲಿ ಗಿಟಾರು

ನನಗೊಂದು ಕೆಟ್ಟ ಚಾಳಿಯಿದೆ. ಸಂಗೀತ ಕೇಳುವಾಗ ತೆಪ್ಪಗೆ ಕೂರಲು ನನ್ನಿಂದಾಗುವುದಿಲ್ಲ. ಪಕ್ಕದಲ್ಲಿದ್ದವರಿಗೆ ಅದನ್ನು ವಿವರಿಸಲೇಬೇಕು. ಮದುವೆಮನೆಯಲ್ಲಿ ನಾಗಸ್ವರದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರೆ, ಕೊಳವೆಯೊಳಗೆ ಗಾಳಿ ಹೇಗೆ ಕಂಪಿಸುತ್ತದೆ ಎಂದು ನಾನು ಪಕ್ಕದ ಎಲೆಯವರಿಗೆ ಹೇಳುತ್ತಿರುತ್ತೇನೆ. ಅವರು ಹೋಳಿಗೆಗೆ ತುಪ್ಪ ಕೇಳುವ ನೆವದಲ್ಲಿ ಮುಖ ಆಚೆ ತಿರುಗಿಸುತ್ತಾರೆ. ನನ್ನ ಹೆಂಡತಿಯಂತೂ ರೇಡಿಯೋದಲ್ಲಿ ಒಳ್ಳೆಯ ಕಛೇರಿ ಇರುವ ದಿನ ಕೊತ್ತಂಬರಿ ಸೊಪ್ಪು ತನ್ನಿ ಎಂದು ನನ್ನನ್ನು ಕೋಲಾರದ ಪೇಟೆಗೆ ಅಟ್ಟಿಬಿಡುತ್ತಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಬಾಯಿ ಇದು, ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ.

ಈ ಬಾಯಿಯ ದೆಸೆಯಿಂದ ನನಗೊಂದು ವಿಚಿತ್ರವಾದ ಹೆಸರೂ ಬಂದಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ, ಯಾರೂ ಕೇಳದಿದ್ದರೂ ಜಾಝ್ ಫ್ಯೂಷನ್ ಗಿಟಾರಿನ ಬಗ್ಗೆ ಅರ್ಧ ಗಂಟೆ ಮಾತಾಡುವ ಮನುಷ್ಯ ನಾನೊಬ್ಬನೇ ಅಂತೆ. ಗಿಟಾರನ್ನು ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ ಎಂದು ಕೇಳಿದರೆ ನಾನು ಒಂದು ಕ್ಷಣ ಯೋಚಿಸಬೇಕು, ಅದು ಬೇರೆ ವಿಷಯ. ಆದರೆ ಇಷ್ಟೆಲ್ಲ ಮಾತಾಡಿದ ನಾನು, ಒಂದೇ ಒಂದು ಮಾತು ಹೇಳಬೇಕಾಗಿದ್ದ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಆ ಒಂದು ಮಾತಿಗಾಗಿ ನನ್ನ ಸ್ನೇಹಿತನೊಬ್ಬ ಏಳು ವರ್ಷ ಸಂಗೀತವಿಲ್ಲದೆ ಇದ್ದ. ಇದನ್ನು ಹೇಳಿಬಿಟ್ಟರೆ ನನಗೆ ಸ್ವಲ್ಪ ಹಗುರವಾದೀತು ಎಂದು ಬರೆಯಲು ಕೂತಿದ್ದೇನೆ.

ಸ್ನೇಹಿತನ ಹೆಸರು ವೆಂಕಟಸ್ವಾಮಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ವಕ್ಕಲೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರುಗಳು. ಅವರು ಡ್ರಾಯಿಂಗ್, ನಾನು ಸೈನ್ಸ್. ಶಾಲೆಯಿಂದ ಎರಡು ಮೈಲಿ ಆಚೆ ಅವರ ಹಳ್ಳಿ. ಮನೆಯಲ್ಲಿ ಹೆಂಡತಿ ಮುನಿರತ್ನಮ್ಮ ರೇಷ್ಮೆ ಹುಳು ಸಾಕುತ್ತಿದ್ದರು. ಮೇಷ್ಟ್ರು ಎಂದು ಊರಿನವರು ವೆಂಕಟಸ್ವಾಮಿಗೆ ನಮಸ್ಕಾರ ಹೊಡೆಯುತ್ತಿದ್ದರೂ, ಆ ಮನೆಯ ಯಜಮಾನಿಕೆ ಯಾರದು ಎಂಬುದರಲ್ಲಿ ಹುಳುಗಳಿಗೆ ಕೂಡ ಸಂಶಯವಿರಲಿಲ್ಲ. ಮುನಿರತ್ನಮ್ಮ ಸಾಧಾರಣವಾಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಹಾಗೆ ಹೊರಳಿದ ತಕ್ಷಣ ವೆಂಕಟಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ಹೊರಟುಬಿಡುತ್ತಿದ್ದರು.

ಈ ಮನೆಗೆ ಜಾಝ್ ಗಿಟಾರು ಬಂದದ್ದು ಚಿತ್ರಕಲೆಯ ಮೂಲಕ. ಮುನಿರತ್ನಮ್ಮನ ದೊಡ್ಡಪ್ಪ ಚಿನ್ನದ ಗಣಿಯ ಕಡೆ ಒಬ್ಬ ಆಫೀಸರ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದರು. ಆ ಸಂಸಾರ ದೇಶ ಬಿಟ್ಟು ಹೊರಟಾಗ, ಸೂಟ್‌ಕೇಸಿನ ಹಾಗೆ ಮುಚ್ಚಿ ಒಯ್ಯಬಹುದಾದ ಒಂದು ರೆಕಾರ್ಡ್ ಪ್ಲೇಯರು ಮತ್ತು ಏಳು ರೆಕಾರ್ಡುಗಳನ್ನು ಅವರ ಕೈಗೆ ಕೊಟ್ಟು ಹೋಯಿತು. ದೊಡ್ಡಪ್ಪನಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ, ತಂದು ಈ ಮನೆಯಲ್ಲಿ ಇಟ್ಟು ಹೋದರು. ವೆಂಕಟಸ್ವಾಮಿ ಮಾತ್ರ ಮೂರು ರೆಕಾರ್ಡುಗಳ ಕವರುಗಳನ್ನು ನೋಡಿ ಮರುಳಾದರು. ಕರಗುತ್ತಿರುವ ಬೆಟ್ಟ, ಹೊಟ್ಟೆಯೊಳಗೆ ಸೂರ್ಯನನ್ನು ಇಟ್ಟುಕೊಂಡ ಮೀನು, ನೇರಳೆ ಬಣ್ಣದ ಮರುಭೂಮಿಯಲ್ಲಿ ಒಂಟಿ ಬಾಗಿಲು. ಅವನ್ನು ತಂದು ಹತ್ತನೇ ಕ್ಲಾಸಿನ ಗೋಡೆಗೆ ನೇತುಹಾಕಿ ಮಕ್ಕಳಿಂದ ನಕಲು ಮಾಡಿಸಿದರು. ಒಳಗಿದ್ದ ತಟ್ಟೆಗಳನ್ನು ಒಂದು ಗೋಣಿಚೀಲದಲ್ಲಿ ಹಾಕಿಟ್ಟಿದ್ದರು. ನಾಲ್ಕು ತಿಂಗಳಾದ ಮೇಲೆ ನಾನೇ, ಕವರು ಇಷ್ಟು ಚೆನ್ನಾಗಿದೆ, ಒಳಗೇನಿದೆ ಅಂತ ಒಮ್ಮೆ ನೋಡಬೇಡವೇ ಎಂದೆ.

ನೋಡಬೇಕಾದರೆ ಕರೆಂಟು ಬೇಕು. ಆ ಮನೆಯಲ್ಲಿ ಕರೆಂಟು ಮೊದಲು ಬಂದದ್ದು ಹುಳುಗಳಿಗೆ. ಮನುಷ್ಯರು ಲಾಟೀನಿನಲ್ಲೇ ಇದ್ದರು. ಚಳಿಯಲ್ಲಿ ಹುಳುಗಳಿಗೆ ಬೆಚ್ಚಗಿರಲಿ ಎಂದು ಹುಳುಮನೆಗೆ ಲೈನು ಎಳೆಸಿದ್ದರು. ಪ್ಲಗ್ಗು ಇದ್ದದ್ದೂ ಅಲ್ಲೊಂದೇ. ಹುಳುಮನೆಯ ಕಟ್ಟುಪಾಡು ನಿಮಗೆ ಗೊತ್ತಿರಬಹುದು. ಹುಳು ಮೇಯುತ್ತಿರುವಾಗ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಬೀಡಿ ಸೇದುವಂತಿಲ್ಲ, ಹತ್ತಿರದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮನೆಯವರೇ ಆದರೂ ಕೈಕಾಲು ತೊಳೆದೇ ಹೋಗಬೇಕು. ಒಂದು ಬೆಳೆ ಎಂದರೆ ಸುಮಾರು ಒಂದು ತಿಂಗಳು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿ, ಹುಳು ಸಾಕುವ ಬಿದಿರು ತಟ್ಟೆಗಳನ್ನೆಲ್ಲ ತೊಳೆದು, ಮನೆಗೆ ಔಷಧಿ ಹೊಡೆದು ಬಾಗಿಲು ತೆರೆದಿಟ್ಟ ಮೇಲೆ ಎರಡು ಮೂರು ವಾರ ಅದು ಖಾಲಿ. ಆ ಬಿಡುವೇ ನಮ್ಮ ಸಂಗೀತದ ಹಂಗಾಮು. ಪ್ರಪಂಚದ ದೊಡ್ಡ ದೊಡ್ಡ ಊರುಗಳಲ್ಲಿ ಜನ ಜಾಝನ್ನು ಏನೇನು ವಾಸನೆಯ ನಡುವೆ ಕೇಳುತ್ತಾರೋ ಗೊತ್ತಿಲ್ಲ. ನಾವು ಫಾರ್ಮಲಿನ್ ವಾಸನೆಯಲ್ಲಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಕೇಳುತ್ತಿದ್ದೆವು. ಇವತ್ತಿಗೂ ಶಾಲೆಯ ಪ್ರಯೋಗಶಾಲೆಯಲ್ಲಿ ಕಪ್ಪೆ ಇಟ್ಟ ಗಾಜಿನ ಜಾಡಿ ತೆರೆದರೆ ನನ್ನ ಕಿವಿಯಲ್ಲಿ ಗಿಟಾರ್ ಶುರುವಾಗುತ್ತದೆ.

ಮೊದಲ ದಿನ ನಮಗೇನೂ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವುದೇ ವಾಸಿ. ನಾಲ್ಕೈದು ಜನ ಒಂದೇ ಬಸ್ಸಿಗೆ ಬೇರೆ ಬೇರೆ ಬಾಗಿಲಿನಿಂದ ಹತ್ತುತ್ತಿರುವಂತೆ ಕೇಳಿತು. ನಾನು ಕವರಿನ ಹಿಂಭಾಗದ ಬರಹವನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಫ್ಯೂಷನ್ ಎಂಬ ಮಾತು ನನಗೆ ಪಾಠಪುಸ್ತಕದಿಂದ ಗೊತ್ತಿತ್ತು. ಜಾಝ್‌ನವರು ತಮ್ಮ ಸ್ವರಗಳನ್ನು, ರಾಕ್‌ನವರು ತಮ್ಮ ಗಲಾಟೆಯನ್ನು ತಂದು ಒಂದೇ ಮೂಸೆಗೆ ಹಾಕಿದ್ದಾರೆ, ಕೆಳಗೆ ಕರೆಂಟಿನ ಉರಿ ಕೊಟ್ಟಿದ್ದಾರೆ, ಎಂದು ವೆಂಕಟಸ್ವಾಮಿಗೆ ತಿಳಿಸಿದೆ. ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತವೂ ಸುರುಳಿಯೂ ಇರುತ್ತವೆ. ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಹತ್ತನೇ ಕ್ಲಾಸಿನ ಡೈನಮೋ ಪಾಠವೇ ಅದು. ಶಬ್ದವನ್ನು ಹಿಗ್ಗಿಸುತ್ತ ಹೋಗಿ, ಅಲೆಯ ನೆತ್ತಿ ಸೂರಿಗೆ ತಗುಲಿ ಚಪ್ಪಟೆಯಾದಾಗ ಆ ಗೊರಗೊರ ನಾದ ಬರುತ್ತದೆ. ಹೀಗೆ ನಾನು ಹೇಳುತ್ತಲೇ ಇದ್ದೆ. ವೆಂಕಟಸ್ವಾಮಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಆದರೆ ನನ್ನನ್ನಲ್ಲ.

ನಿಜವಾದ ವಿಮರ್ಶೆ ಮುನಿರತ್ನಮ್ಮನದು. ಅವರು ಬಾಗಿಲಲ್ಲಿ ತಟ್ಟೆ ಒಣಗಿಸುತ್ತ ಮೊದಲನೆಯ ರೆಕಾರ್ಡು ಕೇಳಿ, “ಯಾಕ್ ಸಾರ್ ಇವನಿಗೆ ಇಷ್ಟು ಅರ್ಜೆಂಟು? ಬಸ್ಸೇನಾದ್ರೂ ಹೊಂಟೋಗ್ತೈತಾ?” ಎಂದರು. ಎರಡನೆಯವನು ನಿಧಾನಸ್ಥ. ಒಂದು ಸ್ವರ ನುಡಿಸಿ, ಅದು ಆರುವ ತನಕ ಕಾದು, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. “ಇವನು ಪರವಾಗಿಲ್ಲ, ಹೊಟ್ಟೆ ತುಂಬ ಉಂಡು ಬಂದು ಕುಂತವ್ನೆ” ಎಂದು ಪಾಸು ಮಾಡಿದರು. ಮೂರನೆಯವನು ಡ್ರಮ್ಮಿನವನ ಜೊತೆ ಏಳು ಅಕ್ಷರದ ತಾಳದಲ್ಲಿ ಏಟಿಗೆ ಎದುರೇಟು ಹಾಕುತ್ತಿದ್ದುದರಿಂದ ಜಗಳಗಂಟನಾದ. ಕವರಿನ ಮೇಲಿದ್ದ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗಿರಲಿಲ್ಲ. ಬಸ್ಸಿನವನು, ಉಂಡವನು, ಜಗಳಗಂಟ ಎಂಬ ಈ ಹೆಸರುಗಳೇ ಖಾಯಮ್ಮಾದವು. ಮುಂದೆ ಎಷ್ಟೋ ಲೇಖನಗಳನ್ನು ಓದಿದ್ದೇನೆ, ಆ ಮೂವರನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ಕಂಡಿಲ್ಲ.

ಈ ಗಿಟಾರಿಗರ ರೆಕಾರ್ಡುಗಳಲ್ಲಿ ಒಂದು ತಮಾಷೆಯಿದೆ. ಅವರು ನುಡಿಸುವುದು ಮೊದಲೇ ಬರೆದಿಟ್ಟದ್ದಲ್ಲ, ಆ ಹೊತ್ತಿಗೆ ಹೊಳೆದದ್ದು. ನಮ್ಮವರು ರಾಗ ಬೆಳೆಸುವಂತೆಯೇ ಅನ್ನಿ. ನುಡಿಸಿದವನು ಎದ್ದು ಹೋಗಿ ಕಾಫಿ ಕುಡಿದು ಅದನ್ನು ಮರೆತಿರುತ್ತಾನೆ. ಮತ್ತೆ ನುಡಿಸು ಎಂದರೆ ಬೇರೆಯದೇ ಬರುತ್ತದೆ. ಆದರೆ ಅವನು ಮರೆತದ್ದನ್ನು ರೆಕಾರ್ಡು ಮರೆಯುವುದಿಲ್ಲ. ಎಲ್ಲಿಯದೋ ಒಂದು ಊರಿನಲ್ಲಿ ಯಾರಿಗೋ ಒಂದು ಮಧ್ಯಾಹ್ನ ಹೊಳೆದದ್ದನ್ನು ವೆಂಕಟಸ್ವಾಮಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಸ್ಟಾಫ್ ರೂಮಿನಲ್ಲಿ ಮಕ್ಕಳ ಚಿತ್ರ ತಿದ್ದುತ್ತ ಉಂಡವನ ಇಡೀ ಭಾಗವನ್ನು ಸಿಳ್ಳೆಯಲ್ಲಿ ಹಾಕುತ್ತಿದ್ದರು. ಹೆಡ್‌ಮಾಸ್ಟರು ಬಂದರೆ ಸಿಳ್ಳೆ ನಿಲ್ಲುತ್ತಿತ್ತು, ಹೆಬ್ಬೆರಳು ಮೇಜಿನ ಮೇಲೆ ಮುಂದುವರಿಯುತ್ತಿತ್ತು.

ಉಂಡವನ ಬೆರಳು ಒಂದು ಕಡೆ ಜಾರುತ್ತದೆ ಎಂಬುದನ್ನು ಕಂಡುಹಿಡಿದದ್ದೂ ಅವರೇ. ಸರಾಗವಾಗಿ ಇಳಿದು ಬರುತ್ತಿದ್ದವನು ಒಂದು ಒಲ್ಲದ ಸ್ವರದ ಮೇಲೆ ಬಿದ್ದುಬಿಡುತ್ತಾನೆ. ಅರೆಗಳಿಗೆ ತಡೆದು, ಬೇಕೆಂದೇ ಮತ್ತೆ ಅಲ್ಲಿಗೆ ಬರುತ್ತಾನೆ. ಮೂರನೇ ಸಲ ಬರುವಷ್ಟರಲ್ಲಿ, ಇವನು ಹೊರಟದ್ದೇ ಇಲ್ಲಿಗೆ ಅನ್ನಿಸುತ್ತದೆ. “ಚಿತ್ರದ ಮೇಲೆ ಇಂಕು ಚೆಲ್ತು ಅಂದ್ಕೊಳ್ಳಿ ಸಾರ್” ಎಂದರು ವೆಂಕಟಸ್ವಾಮಿ. “ಅಳಿಸೋಕೆ ಹೋದ್ರೆ ಪೇಪರ್ ಹರಿಯುತ್ತೆ. ಅದನ್ನೇ ಒಂದು ಕಾಗೆ ಮಾಡ್ಬೇಕು.” ನಾನು ತಲೆಯಾಡಿಸಿ ಅನುರಣನದ ಬಗ್ಗೆ ಏನೋ ಹೇಳಿದೆ.

ಬೆಳೆಯಿಂದ ಬೆಳೆಗೆ ಕಾಯುವ ಈ ಕಟ್ಟುಪಾಡು ವೆಂಕಟಸ್ವಾಮಿಗೆ ಸಹಜವಾಗಿತ್ತು. ನನಗೆ ಆಗಲಿಲ್ಲ. ಕೋಲಾರದ ನನ್ನ ರೂಮಿನಲ್ಲಿ ಕೂತು ಬೇಕೆಂದಾಗ ಕೇಳುವಂತಿರಬೇಕು ಎಂಬ ಆಸೆ ಹತ್ತಿತು. ಲಕ್ಕೂರಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇದೆ ಎಂದು ತಿಳಿದು, ಡಿಸೆಂಬರಿನ ಒಂದು ಶನಿವಾರ ಹೋಗಿ ಕೇಳಿದೆ. ಸೋಮವಾರ ವಾಪಸು ಬರಬೇಕು, ನಮ್ಮ ಭಜನೆಗೆ ಬೇಕು ಎಂಬ ಷರತ್ತಿನ ಮೇಲೆ ಕೊಟ್ಟರು. ಅವರ ಮನೆಯಲ್ಲೂ ಹುಳು ಸಾಕಿದ್ದರು, ಆದರೆ ಆ ಬೆಳೆ ಹೋಗಿತ್ತು. ಸುಣ್ಣಕಟ್ಟು ರೋಗ. ಹುಳು ಸತ್ತು, ಬೆಳ್ಳಗೆ, ಸೀಮೆಸುಣ್ಣದ ಚೂರಿನಂತೆ ಸೆಟೆದುಕೊಂಡಿರುತ್ತದೆ. ಅದೊಂದು ಬೂಷ್ಟು, ಅದರ ಪುಡಿ ಗಾಳಿಯಲ್ಲಿ, ಬಟ್ಟೆಯಲ್ಲಿ, ಕೈಯಲ್ಲಿ ಹರಡುತ್ತದೆ. ನಾನು ಅದನ್ನು ಮಕ್ಕಳಿಗೆ ಪಾಠ ಮಾಡಿದವನು. ಮಾಡಿದವನಾದ್ದರಿಂದಲೇ, ಸೋಮವಾರ ಕ್ಲಾಸಿನಲ್ಲಿ ತೋರಿಸಲು ಚೆನ್ನಾಗಿರುತ್ತದೆ ಎಂದು ಎರಡು ಸತ್ತ ಹುಳುಗಳನ್ನು ಎತ್ತಿ ಬೆಂಕಿಪೊಟ್ಟಣದಲ್ಲಿ ಹಾಕಿ, ಷರ್ಟಿನ ಜೇಬಿನಲ್ಲಿಟ್ಟುಕೊಂಡೆ. ರಾತ್ರಿ ಅಲ್ಲೇ ಉಳಿದು, ಭಾನುವಾರ ಬೆಳಿಗ್ಗೆ ಕೈಯಲ್ಲಿ ಟೇಪ್ ರೆಕಾರ್ಡರ್, ಎದೆಯ ಮೇಲೆ ಬೆಂಕಿಪೊಟ್ಟಣ, ಮಾಲೂರಿನಲ್ಲಿ ಬಸ್ಸು ಬದಲಾಯಿಸಿ ನೇರವಾಗಿ ವೆಂಕಟಸ್ವಾಮಿಯ ಹಳ್ಳಿಗೆ ಹೋದೆ.

ಅಲ್ಲಿ ಹುಳುಮನೆ ಖಾಲಿಯಿರಲಿಲ್ಲ. ಹುಳುಗಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು, ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕು. ವೆಂಕಟಸ್ವಾಮಿ ತಲೆ ಕೆರೆದುಕೊಂಡು, “ಇನ್ನು ಹತ್ತು ದಿನ ತಡೀರಿ ಸಾರ್” ಎಂದರು. ಟೇಪ್ ರೆಕಾರ್ಡರ್ ನಾಳೆ ವಾಪಸು ಹೋಗಬೇಕು ಎಂದೆ. ನನ್ನ ಮುಖ ಅಷ್ಟು ಬಾಡಿತ್ತೋ ಏನೋ, ಅವರು ಹೆಂಡತಿಯ ಹತ್ತಿರ ಹೋಗಿ ಬಹಳ ಹೊತ್ತು ಗುಸುಗುಸು ಮಾತಾಡಿದರು. ಆ ಹಿಂದೆ ಅವರು ಯಾರಿಗಾಗಿಯೂ ಹಾಗೆ ಕೇಳಿದ್ದಿಲ್ಲವಂತೆ. ಮುನಿರತ್ನಮ್ಮ ಹೊರಗೆ ಬಂದರು.

“ಕೈಕಾಲು ತೊಳ್ಕೊಂಡು ಬನ್ನಿ ಸಾರ್. ಬೇರೆ ಯಾರ್ದಾದ್ರೂ ಹುಳುಮನೆಗೆ ಹೋಗಿ ಬಂದಿಲ್ಲ ತಾನೆ?”

“ಇಲ್ಲಮ್ಮ” ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಅದು ಸುಳ್ಳು ಅನ್ನಿಸಲು ಎರಡು ಕ್ಷಣ ಹಿಡಿಯಿತು. ಕಾಲು ತೊಳೆದೆ, ಕೈ ತೊಳೆದೆ. ಜೇಬಿನಲ್ಲಿದ್ದುದು ನೆನಪಿಗೆ ಬಂತು. ಮುಚ್ಚಿದ ಪೊಟ್ಟಣ, ಏನಾಗುತ್ತದೆ, ಎಂದುಕೊಂಡು ಒಳಗೆ ಹೋದೆ.

ಆಗಿನ ನಮ್ಮ ರೆಕಾರ್ಡಿಂಗ್ ಎಂದರೆ ಪ್ಲೇಯರಿನ ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರನ್ನು ಕೂರಿಸಿ, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಕೂರುವುದು. ವೈರು ಗಿಯರು ಏನಿಲ್ಲ. ಕೆಮ್ಮಿದರೆ ಕೆಮ್ಮೂ ಸೇರುತ್ತದೆ. ಸೊಪ್ಪು ಹಾಕುವ ಹೊತ್ತಾಗಿತ್ತು. ಹುಳುಗಳು ಗಿಟಾರಿಗೆ ಕಾಯುವುದಿಲ್ಲ ಎಂದು ಮುನಿರತ್ನಮ್ಮ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡಿಯೇ ಹೊರಗೆ ಹೋದದ್ದು. ಉಂಡವನು ನುಡಿಸಲು ಶುರುಮಾಡಿದ. ಅವನ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಿನ ಮೌನದಲ್ಲಿ ನಾಲ್ಕೂ ಕಡೆಯಿಂದ ಸಣ್ಣ ಮಳೆ ಹಿಡಿಯಿತು. ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಮೇಯುವ ಸದ್ದು ಅದು, ಹೆಂಚಿನ ಮೇಲೆ ಜಿನುಗು ಮಳೆ ಬಿದ್ದಂತೆಯೇ ಇರುತ್ತದೆ. ವೆಂಕಟಸ್ವಾಮಿ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಅಷ್ಟು ಸಂತೋಷವಾಗಿ ನಾವಿಬ್ಬರೂ ಇನ್ನೆಂದೂ ಕೂತಿದ್ದಿಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮುಂದಿನ ಶುಕ್ರವಾರ ವೆಂಕಟಸ್ವಾಮಿ ಶಾಲೆಗೆ ಬರಲಿಲ್ಲ. ಸಂಜೆ ಹೋದೆ. ಹಿತ್ತಲಲ್ಲಿ ಗುಂಡಿ ತೋಡಿದ್ದರು. ತಟ್ಟೆ ತಟ್ಟೆ ಬಿಳಿಯ ಕಡ್ಡಿಗಳನ್ನು ಅದರೊಳಗೆ ಸುರಿದು ಮೇಲೆ ಸುಣ್ಣ ಹಾಕುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅಕ್ಕಪಕ್ಕದವರು ನಿಂತಿದ್ದರು. ಅದರಲ್ಲಿ ಒಬ್ಬಾಕೆ, ಯಾರನ್ನಾದರೂ ಒಳಗೆ ಬಿಟ್ಟುಕೊಂಡಿದ್ದಿರಾ ಎಂದು ಕೇಳಿದಳು. ಮುನಿರತ್ನಮ್ಮ ನನ್ನ ಕಡೆ ನೋಡಲಿಲ್ಲ.

“ಯಾರೂ ಇಲ್ಲ” ಎಂದರು. “ಆ ಹಾಡೋ ಪೆಟ್ಟಿಗೆ ಹಾಕಿದ್ವಿ. ಅದರ ಸದ್ದಿಗೇ ಹಿಂಗಾಗಿರೋದು. ಇನ್ಮೇಲೆ ಅದು ಹುಳುಮನೆ ಹೊಸ್ತಿಲು ದಾಟಬಾರದು.”

ಜನ ಒಪ್ಪಿಕೊಂಡು ಹೋದರು. ವೆಂಕಟಸ್ವಾಮಿ ಕೈ ತೊಳೆದು ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತರು. “ಸಾರ್, ನೀವು ಸೈನ್ಸ್ ಓದಿದೋರು, ಹೇಳಿ. ಸದ್ದಿಗೆ ಹುಳ ಸಾಯ್ತಾವಾ?” ಎಂದು ಕೇಳಿದರು.

ನೋಡಿ, ಇದೇ ಆ ಹೊತ್ತು. ಗಾಳಿಯ ಸ್ತಂಭ, ಅಯಸ್ಕಾಂತ, ಅನುರಣನ ಎಂದೆಲ್ಲ ಕೇಳದೆ ಹೇಳಿದವನನ್ನು ಆ ಮನುಷ್ಯ ಮೊದಲನೇ ಸಲ ತಾನಾಗಿ ಒಂದು ಪ್ರಶ್ನೆ ಕೇಳಿದ್ದರು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಇಲ್ಲ ಎಂದರೆ, ಮತ್ತೆ ಯಾತರಿಂದ ಎಂಬ ಪ್ರಶ್ನೆ ಬರುತ್ತದಲ್ಲ. ನಾನು ಅಂಗಳದ ಕಡೆ ನೋಡುತ್ತ, “ಹೇಳಕ್ಕಾಗಲ್ಲ” ಎಂದೆ. ಅವರು ಎದ್ದು ಹೋಗಿ ಪ್ಲೇಯರನ್ನೂ ರೆಕಾರ್ಡುಗಳನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಮರುವಾರ ಹತ್ತನೇ ಕ್ಲಾಸಿನ ಗೋಡೆಯಿಂದ ಬೆಟ್ಟ, ಮೀನು, ಬಾಗಿಲು ಮೂರೂ ಇಳಿದವು. ಸ್ಟಾಫ್ ರೂಮಿನಲ್ಲಿ ಸಿಳ್ಳೆ ನಿಂತಿತು. ವೆಂಕಟಸ್ವಾಮಿ ನನ್ನ ಜೊತೆ ಮೊದಲಿನಂತೆಯೇ ಇದ್ದರು, ಮೊದಲಿನಂತೆಯೇ ಊಟಕ್ಕೆ ಕರೆಯುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿ ಮುನಿರತ್ನಮ್ಮ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುತ್ತಿದ್ದರು. ಸಂಗೀತದ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ನನಗೆ ಮುಳಬಾಗಿಲಿಗೆ ವರ್ಗವಾಯಿತು, ಅಲ್ಲಿಂದ ಶ್ರೀನಿವಾಸಪುರಕ್ಕೆ. ಆವತ್ತು ಹುಳುಮನೆಯಲ್ಲಿ ತುಂಬಿಕೊಂಡ ಕ್ಯಾಸೆಟ್ಟು ನನ್ನ ಜೊತೆ ಬಂತು. ಎಂಬತ್ತರ ದಶಕದಲ್ಲಿ ಮನೆ ಮನೆಗೂ ಟೇಪ್ ರೆಕಾರ್ಡರ್ ಬಂದು, ನಾನೂ ಒಂದು ಕೊಂಡೆ. ಒಮ್ಮೆ ಕೋಲಾರದಲ್ಲಿ, ತಮಗೆ ಪಾಶ್ಚಾತ್ಯ ಸಂಗೀತ ಗೊತ್ತೆನ್ನುವ ಒಬ್ಬ ಕಾಲೇಜು ಮೇಷ್ಟ್ರಿಗೆ ಉಂಡವನನ್ನು ಕೇಳಿಸಿದೆ. ಅವರು ಬೆರಳೆತ್ತಿ, “ಆಹಾ, ಆ ಡ್ರಮ್ಮಿನವನು ಬ್ರಷ್ಷಿನಲ್ಲಿ ಸವರೋದು ಕೇಳಿದಿರಾ? ಎಷ್ಟು ನಯ! ಇದು ಬೇರೆ ಯಾವ ರೆಕಾರ್ಡಿನಲ್ಲೂ ಸಿಗಲ್ಲ” ಎಂದರು. ಸಿಗುವುದಿಲ್ಲ, ನಿಜ. ಬೇರೆ ದಿನವಾಗಿದ್ದರೆ ಈ ಕಥೆ ಹೇಳಿ ನಾನು ಹೊಟ್ಟೆ ತುಂಬ ನಗುತ್ತಿದ್ದೆ. ಆವತ್ತು ಹೌದು ಹೌದು ಎಂದು ಟೇಪು ನಿಲ್ಲಿಸಿದೆ. ಆ ಟೇಪಿನಲ್ಲಿ ಎಲೆ ಮೇಯುತ್ತಿದ್ದ ಹುಳುಗಳು ಐದು ದಿನದಲ್ಲಿ ಸತ್ತಿದ್ದವು ಎಂಬುದು ನಮ್ಮಿಬ್ಬರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಅಪರಾಧಿ ಓದಿದವನಾದರೆ ತನಗೆ ತಾನೇ ವಕೀಲನಾಗುತ್ತಾನೆ. ಡಿಸೆಂಬರ್ ಚಳಿಯಲ್ಲಿ ಸುಣ್ಣಕಟ್ಟು ತಾನಾಗಿಯೂ ಬರಬಹುದು, ಪೊಟ್ಟಣ ಮುಚ್ಚಿತ್ತು, ಕೈ ತೊಳೆದಿದ್ದೆ, ನನ್ನಿಂದಲೇ ಬಂತು ಎನ್ನಲು ಪುರಾವೆ ಏನು? ಹೀಗೆ ಏಳು ವರ್ಷ ವಾದ ಮಾಡಿದೆ, ಪ್ರತಿ ಸಲವೂ ಗೆದ್ದೆ. ಗೆದ್ದವನಿಗೆ ಮಾತ್ರ ಒಂದು ದಿನವೂ ಆ ಕ್ಯಾಸೆಟ್ಟನ್ನು ಕೊನೆಯ ತನಕ ಕೇಳಲಾಗಲಿಲ್ಲ.

ಆ ಏಳು ವರ್ಷದಲ್ಲಿ ಮುನಿರತ್ನಮ್ಮ ಹುಳು ಸಾಕುವುದರಲ್ಲಿ ಹೆಸರು ಮಾಡಿದ್ದರು. ಹಳೆಯದರ ಪಕ್ಕದಲ್ಲಿ ಹೊಸ ಹುಳುಮನೆ ಕಟ್ಟಿಸಿ, ಪೂಜೆಗೆ ಬನ್ನಿ ಎಂದು ಕಾಗದ ಹಾಕಿಸಿದರು. ಹೋದೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿತ್ತು, ಒಳಗೆ ಹೊಸ ಸುಣ್ಣದ ವಾಸನೆ. ಎಲ್ಲರೂ ಒಳಗೆ ಹೋಗಿ ನೋಡಿ ಬಂದರು. ನಾನು ಹೊಸ್ತಿಲಿನ ಈಚೆಗೇ ನಿಂತುಬಿಟ್ಟೆ. “ಯಾಕ್ ಸಾರ್, ಬನ್ನಿ ಒಳಗೆ” ಎಂದು ಮುನಿರತ್ನಮ್ಮ ಕರೆದರು. ಅಲ್ಲಿಯೇ ನಿಂತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಲಕ್ಕೂರು, ಸತ್ತ ಹುಳು, ಜೇಬು, ಇಲ್ಲಮ್ಮ ಎಂದದ್ದು.

ಅವರು ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ನಂಗೆ ಅದೇ ವಾರ ಗೊತ್ತಾಯ್ತು ಸಾರ್. ಲಕ್ಕೂರಲ್ಲಿ ನೀವು ಹೋಗಿದ್ದ ಮನೆ ಎದುರುಗಡೆನೇ ನಮ್ಮ ಚಿಕ್ಕಮ್ಮನ ಮನೆ. ಮೇಷ್ಟ್ರು ಸತ್ತ ಹುಳ ಬೆಂಕಿಪೊಟ್ಟಣದಾಗೆ ಹಾಕ್ಕೊಂಡೋದ್ರು ಅಂತ ಬೀದಿ ಬೀದಿನೇ ನಕ್ಕಿತ್ತಂತೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸುವುದು ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು. ಗೊತ್ತಿದ್ದೂ ನನ್ನನ್ನು ಒಂದು ಮಾತು ಅನ್ನಲಿಲ್ಲವಲ್ಲ, ಏಕೆ, ಎಂದು ಕೇಳಿದೆ.

“ಹುಳ ಹೋದ್ರೆ ಯಾತರ ಮೇಲಾದ್ರೂ ಹಾಕ್ಬೇಕಲ್ಲ ಸಾರ್. ಮನುಷ್ಯರ ಮೇಲೆ ಹಾಕಿದ್ರೆ ಮನುಷ್ಯರು ಹೋಗ್ತಾರೆ. ನಿಮ್ಮನ್ನ ಅಂದಿದ್ರೆ ನೀವು ಮತ್ತೆ ನಮ್ಮನೆ ಕಡೆ ತಲೆ ಹಾಕ್ತಿದ್ರಾ? ಹುಳ ಮುಂದಿನ ಬೆಳೆಗೆ ಬರ್ತಾವೆ. ಪೆಟ್ಟಿಗೆಗೇನು, ಬೈದ್ರೆ ಅದು ಅಳ್ತದಾ?”

ಇಷ್ಟು ಹೇಳಿ ಅವರು ಸುಮ್ಮನಾಗಿದ್ದರೆ ನಾನು ಕಣ್ಣೊರೆಸಿಕೊಂಡು ಊಟಕ್ಕೆ ಕೂತಿರುತ್ತಿದ್ದೆ. ಅವರು ಸುಮ್ಮನಾಗಲಿಲ್ಲ. ದನಿ ತಗ್ಗಿಸಿ, ತೆಲುಗಿಗೆ ಹೊರಳಿದರು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ನಾನು ಪೆಟ್ಟಿಗೆಯ ಮೇಲೆ ಹಾಕಿದೆ. ನಮ್ಮ ಮನೆಯವರು, ‘ಪೆಟ್ಟಿಗೆ ಹಾಕಿದವನು ನಾನು ತಾನೆ’ ಎಂದು ತಮ್ಮ ಮೇಲೆ ಹಾಕಿಕೊಂಡರು. ನಾನು ಸದ್ದಿನಿಂದಲ್ಲ ಎಂದರೆ ಹೆಂಡತಿ ಸಮಾಧಾನಕ್ಕೆ ಹೇಳುತ್ತಾಳೆ ಅನ್ನುತ್ತಾರೆ. ಸೈನ್ಸ್ ಮೇಷ್ಟ್ರನ್ನೇ ಕೇಳಿದೆ, ಅವರೂ ಇಲ್ಲ ಅನ್ನಲಿಲ್ಲ, ಅನ್ನುತ್ತಾರೆ. ನೀವು ಇವತ್ತು ಹೇಳುತ್ತೀರಿ, ನಾಳೆ ಹೇಳುತ್ತೀರಿ ಅಂತ ನಾನೂ ಕಾದೆ.

“ಹಿತ್ತಲಲ್ಲಿ ಅವ್ರೆ. ಹೋಗಿ” ಎಂದರು, ಮತ್ತೆ ಕನ್ನಡದಲ್ಲಿ.

ವೆಂಕಟಸ್ವಾಮಿ ಹಿತ್ತಲಲ್ಲಿ ಬಾಳೆ ಎಲೆ ಒರೆಸುತ್ತಿದ್ದರು. ಎರಡನೇ ಸಲ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಎಲ್ಲವನ್ನೂ ಕೇಳಿ ಅವರು ಕೈಯಲ್ಲಿದ್ದ ಎಲೆಯನ್ನು ಮಡಿಸದೆ ಹಾಗೆಯೇ ಹಿಡಿದುಕೊಂಡಿದ್ದರು.

“ಹಂಗಾದ್ರೆ ಸದ್ದಿನಿಂದಲ್ಲ?”

“ಅಲ್ಲ.”

“ಸರಿಯಾಗಿ ಹೇಳಿ ಸಾರ್. ಗಿಟಾರಿಂದ ಅಲ್ಲ?”

“ಅಲ್ಲ. ಸದ್ದಿಗೆ ಹುಳು ಸಾಯಲ್ಲ. ನನ್ನಿಂದ.”

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಎಲೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಆಮೇಲೆ ಮನೆಯೊಳಗೆ ಹೋಗಿ, ಗೋಡೆಗೆ ಒರಗಿದ್ದ ಏಣಿಯನ್ನು ಎಳೆದು ತಂದು ಅಟ್ಟಕ್ಕೆ ಚಾಚಿ ಹತ್ತಲು ಶುರುಮಾಡಿದರು. ಹಳೆಯ ಏಣಿ, ಒಂದು ಕಾಲು ಗಿಡ್ಡ. ಅರ್ಧ ಹತ್ತಿದವರು ಕೆಳಗೆ ನೋಡಿ, “ಹಂಗೇ ನಿಂತಿದೀರಲ್ಲ ಸಾರ್. ಹಿಡ್ಕೊಳ್ಳಿ. ನೀವು ಬಿಟ್ರೆ ನಾನು ಬೀಳ್ತೀನಿ” ಎಂದರು.

ಎರಡೂ ಕೈಯಲ್ಲಿ ಹಿಡಿದುಕೊಂಡೆ.